ಸರ್ಜಾಪುರದ ಕೇಬಲ್ಲು, ಖಡಕ್‌ವಾಸ್ಲಾದ ಗೇಟು ಮತ್ತು ವಿಶ್ವೇಶ್ವರಯ್ಯ

ಸರ್ಜಾಪುರದಿಂದ ಅತ್ತಿಬೆಲೆಗೆ, ಅಲ್ಲಿಂದ ಬೊಮ್ಮಸಂದ್ರ, ಜಿಗಣಿ ಕಡೆಗೆ ಹೋಗುತ್ತಿದ್ದರೆ ಶೀಟು ಹೊದಿಸಿದ ಫ್ಯಾಕ್ಟರಿ ಶೆಡ್ಡುಗಳು ಸಾಲಾಗಿ ಸಿಗುತ್ತವೆ. ಒಳಗೆ ಯಾವ ಮೋಟಾರು ಯಾವಾಗ ತಿರುಗಬೇಕು, ಯಾವ ವಾಲ್ವು ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡೋದು ಪ್ಯಾನೆಲ್ ಬೋರ್ಡಿನೊಳಗೆ ಕೂತಿರುವ ಅಂಗೈಯಗಲದ ಒಂದು ಡಬ್ಬಿ. ಪಿಎಲ್‌ಸಿ ಅಂತಾರೆ. ಇಷ್ಟು ವರ್ಷ ಆ ಡಬ್ಬಿಗೆ ಎರಡು ದಾರಿ ಬೇಕಿತ್ತು: ಹೊಟ್ಟೆಗೆ 24 ವೋಲ್ಟಿನ ಕರೆಂಟು ತರುವ ತಂತಿ ಒಂದು, ಸುದ್ದಿ ತರುವ ನೆಟ್‌ವರ್ಕ್ ತಂತಿ ಇನ್ನೊಂದು. ಈಗ ಚಿಕ್ಕ ಕಂಟ್ರೋಲರ್‌ಗಳಿಗೆ, ಸೆನ್ಸರ್‌ಗಳಿಗೆ, ಕ್ಯಾಮೆರಾಗಳಿಗೆ ಒಂದೇ ಕೇಬಲ್ ಸಾಕು ಅನ್ನುವ ವ್ಯವಸ್ಥೆ ಬರುತ್ತಿದೆ. ಅದೇ ಈಥರ್ನೆಟ್ ಕೇಬಲ್ಲಿನಲ್ಲಿ ಆದೇಶವೂ ಬರುತ್ತೆ, ಆದೇಶ ಪಾಲಿಸಲು ಬೇಕಾದ ಶಕ್ತಿಯೂ ಬರುತ್ತೆ. ಪವರ್ ಓವರ್ ಈಥರ್ನೆಟ್ ಅಂತ ಹೆಸರು.

2003ರಲ್ಲಿ ಇದಕ್ಕೆ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂದಾಗ ಸ್ವಿಚ್ಚು ಒಂದು ಪೋರ್ಟಿಗೆ ಕೊಡುತ್ತಿದ್ದದ್ದು 15.4 ವ್ಯಾಟ್. 2009ರಲ್ಲಿ ಅದು 30 ಆಯಿತು, 2018ರಲ್ಲಿ 90ರವರೆಗೆ ಹೋಯಿತು. ದೂರದ ಮಿತಿ 100 ಮೀಟರ್. ದೊಡ್ಡ ಮೋಟಾರನ್ನು ಇದರಿಂದ ತಿರುಗಿಸೋಕೆ ಆಗಲ್ಲ, ಅದಕ್ಕೆ ಬೇರೆ ಲೈನೇ ಬೇಕು. ಹೆಚ್ಚಿನ ಪಿಎಲ್‌ಸಿಗಳು ಇವತ್ತಿಗೂ ಹಳೆಯ 24 ವೋಲ್ಟಿನ ಮೇಲೇ ನಡೆಯುತ್ತಿವೆ. ಆದರೆ ಬುದ್ಧಿಯ ಭಾಗ ಮಾತ್ರ ನಿಧಾನಕ್ಕೆ ಒಂದೇ ಕೇಬಲ್ಲಿನ ಕಡೆ ಸರಿಯುತ್ತಿದೆ. ಲಾಭ ಕಣ್ಣಿಗೆ ಕಾಣುತ್ತೆ: ತಂತಿ ಕಡಿಮೆ, ಖರ್ಚು ಕಡಿಮೆ, ಸ್ವಿಚ್ಚಿಗೊಂದು ಯುಪಿಎಸ್ ಇಟ್ಟರೆ ಕರೆಂಟು ಹೋದರೂ ಎಲ್ಲ ಕಂಟ್ರೋಲರ್‌ಗಳು ಎಚ್ಚರ ಇರುತ್ತವೆ. ಇನ್ನೊಂದು ಮಗ್ಗುಲೂ ಇದೆ. ಆ ಸ್ವಿಚ್ಚು ಯಾರ ಕೈಯಲ್ಲಿದೆಯೋ ಅವರು ದೂರದಲ್ಲೇ ಕೂತು ಒಂದು ಪೋರ್ಟನ್ನು ಆಫ್ ಮಾಡಿದರೆ ಆ ತುದಿಯಲ್ಲಿರುವ ಯಂತ್ರಕ್ಕೆ ಮಾತೂ ಇಲ್ಲ, ಉಸಿರೂ ಇಲ್ಲ.

ಸುದ್ದಿಯನ್ನೂ ಶಕ್ತಿಯನ್ನೂ ಒಂದೇ ದಾರಿಯಲ್ಲಿ ಕಳಿಸುವ ಐಡಿಯಾ ಹೊಸದಲ್ಲ. ಮನೆಯಲ್ಲಿದ್ದ ಹಳೇ ಲ್ಯಾಂಡ್‌ಲೈನ್ ಫೋನು ನೆನಪಿದ್ದವರಿಗೆ ಗೊತ್ತು, ಇಡೀ ಬೀದಿಯ ಕರೆಂಟು ಹೋದರೂ ಅದು ರಿಂಗಾಗುತ್ತಿತ್ತು. ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ, ಮಾತು ಹರಿಯುವ ಅದೇ ಜೋಡಿ ತಂತಿಯಲ್ಲಿ ಅದಕ್ಕೆ ಕರೆಂಟು ಬರುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ, ತಂತಿಯೇ ಇಲ್ಲದೆ ಇದೇ ತತ್ವವನ್ನು ಯಂತ್ರಕ್ಕೆ ಇಳಿಸಿದವರು ನಮ್ಮವರೇ ಒಬ್ಬರು ಸಿಗುತ್ತಾರೆ. ಅವರ ಹೆಸರಲ್ಲಿ ಊರೂರಲ್ಲಿ ರಸ್ತೆ ಇದೆ, ಕಾಲೇಜಿದೆ, ಪ್ರತಿಮೆ ಇದೆ, ಸೆಪ್ಟೆಂಬರ್ 15ಕ್ಕೆ ಹಾರ ಇದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮ ಫೋನುಗಳಲ್ಲಿ ತಿರುಗುವ ಕಥೆಗಳು ಎರಡು ಮೂರೇ. ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ ಮೇಣದಬತ್ತಿ ಹಚ್ಚಿದ್ದು, ರೈಲಿನ ಸದ್ದು ಕೇಳಿ ಹಳಿ ಮುರಿದಿದೆ ಅಂತ ಕಂಡುಹಿಡಿದದ್ದು. ನಿಜವೋ ಸುಳ್ಳೋ, ಇವು ಮನುಷ್ಯನನ್ನು ಕ್ಯಾಲೆಂಡರ್ ಚಿತ್ರ ಮಾಡಿಬಿಡುತ್ತವೆ. ಈ ಕಥೆಗಳಲ್ಲಿ ಅವರ ರಾಜಕೀಯ ಎಲ್ಲೂ ಬರಲ್ಲ. ಅವರಿಗೆ ರಾಜಕೀಯ ಇತ್ತು, ಬಹಳ ಗಟ್ಟಿಯಾಗೇ ಇತ್ತು.

ಹುಟ್ಟಿದ್ದು 1860ರ ದಶಕದ ಶುರುವಿನಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಬೇರು ಈಗಿನ ಆಂಧ್ರದ ಮೋಕ್ಷಗುಂಡಂನಲ್ಲಿ. ಹುಡುಗ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಜಾತಿಯಲ್ಲಿ ಬ್ರಾಹ್ಮಣರು, ಕೈಯಲ್ಲಿ ಕಾಸಿಲ್ಲ. ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಅಲ್ಲಿಂದ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಎಂಜಿನಿಯರಿಂಗ್ ಓದಲು ಹೋಗಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ. ಪ್ರತಿಭೆ ಇತ್ತು, ಶ್ರಮ ಇತ್ತು, ಜೊತೆಗೆ ಸರ್ಕಾರಿ ಖಜಾನೆಯ ದುಡ್ಡೂ ಇತ್ತು. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು.

ಮುಂದಿನ 24 ವರ್ಷ ಅವರು ನೀರಿನ ಹಿಂದೆಯೇ ಓಡಾಡಿದರು. ನಾಸಿಕ್, ಖಾನ್‌ದೇಶ, ಸೂರತ್, ಪುಣೆ. ಸಿಂಧ್‌ನ ಸುಕ್ಕೂರಿನಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಸೋಸಿ ಊರಿಗೆ ಕೊಡುವ ವ್ಯವಸ್ಥೆ ಮಾಡಿದ್ದು 1890ರ ದಶಕದ ಮಧ್ಯದಲ್ಲಿ. ಪುಣೆ ಜಿಲ್ಲೆಯ ನೀರಾ ಕಾಲುವೆಯಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಕಾಲುವೆಯ ಮೇಲ್ಭಾಗದವರು ಕಬ್ಬು ಹಾಕಿ ನೀರೆಲ್ಲ ಹೀರಿಕೊಳ್ಳುತ್ತಿದ್ದರು, ಬಾಲದ ತುದಿಯವರಿಗೆ ಏನೂ ಸಿಗುತ್ತಿರಲಿಲ್ಲ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕಿನ ಒಂದು ಪಾಲಿನಲ್ಲಷ್ಟೇ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ಸರದಿ ಮೇಲೆ ನೀರು ಅನ್ನುವ ಪದ್ಧತಿ ತಂದರು. ಮೇಲ್ಭಾಗದ ಬೆಳೆಗಾರರು ಒಪ್ಪಲಿಲ್ಲ, ಜಗಳ ಆಯಿತು. ಮಂಡ್ಯದ ನಾಲೆ ಬಯಲಿನ ಯಾರನ್ನಾದರೂ ಕೇಳಿ, ತುದಿಗೆ ನೀರು ಮುಟ್ಟಲ್ಲ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಅದೇ ಪುಣೆಯ ದಿನಗಳಲ್ಲಿ ಖಡಕ್‌ವಾಸ್ಲಾ ಜಲಾಶಯದ ಸಮಸ್ಯೆ ಬಂತು. ಮಳೆಗಾಲದಲ್ಲಿ ನೀರು ಕೋಡಿ ಬಿದ್ದು ಹರಿದುಹೋಗುತ್ತೆ, ಬೇಸಿಗೆಯಲ್ಲಿ ಊರಿಗೂ ಕಾಲುವೆಗೂ ನೀರು ಸಾಲಲ್ಲ. ಕಟ್ಟೆ ಎತ್ತರಿಸೋಣ ಅಂದರೆ ಹಳೆಯ ಕಟ್ಟೆ ತಡೆಯುತ್ತೋ ಇಲ್ಲವೋ. ವಿಶ್ವೇಶ್ವರಯ್ಯ ಕಟ್ಟೆಯನ್ನು ಮುಟ್ಟಲಿಲ್ಲ. ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿ ಇನ್ನೂ 8 ಅಡಿ ನೀರು ನಿಲ್ಲಿಸಿದರು. ಪ್ರಶ್ನೆ ಏನಂದರೆ, ನಡುರಾತ್ರಿ ಪ್ರವಾಹ ಬಂದರೆ ಆ ಗೇಟುಗಳನ್ನು ತೆಗೆಯೋರು ಯಾರು? ಆಗ ವಿದ್ಯುತ್ ಇಲ್ಲ, ಮೋಟಾರಿಲ್ಲ, ಓಡಿಬಂದು ಹೇಳಲು ಫೋನಿಲ್ಲ. ಅವರ ಉತ್ತರ: ನೀರೇ ತೆಗೆಯಲಿ. ಮಟ್ಟ ಗೊತ್ತುಮಾಡಿದ ಗೆರೆ ದಾಟಿದರೆ ಅದೇ ನೀರು ಪಕ್ಕದ ತೊಟ್ಟಿಗೆ ನುಗ್ಗಬೇಕು, ಅಲ್ಲಿ ಗೇಟಿಗೆ ಕಟ್ಟಿದ ಭಾರದ ಸಮತೋಲ ಬದಲಾಗಬೇಕು, ಗೇಟು ತಾನಾಗೇ ತೆರೆಯಬೇಕು. ಮಟ್ಟ ಇಳಿದರೆ ತಾನಾಗೇ ಮುಚ್ಚಬೇಕು. 1903ರಲ್ಲಿ ಅವನ್ನು ಅಲ್ಲಿ ಅಳವಡಿಸಿದರು, ಪೇಟೆಂಟೂ ಆಯಿತು. ಮುಂದೆ ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟೆಗೆ, ನಮ್ಮ ಕನ್ನಂಬಾಡಿಗೆ ಅದೇ ಬಗೆಯ ಗೇಟು ಬಂತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆ ಗೇಟಿಗೆ ಪ್ರವಾಹ ಬಂತು ಅನ್ನೋ ಸುದ್ದಿ ತಂದದ್ದೂ ನೀರು, ಗೇಟನ್ನು ಸರಿಸುವ ಬಲ ಕೊಟ್ಟದ್ದೂ ನೀರು. ಎರಡಕ್ಕೂ ಒಂದೇ ದಾರಿ. ಸರ್ಜಾಪುರದ ಶೆಡ್ಡಿನಲ್ಲಿ ಈಥರ್ನೆಟ್ ಕೇಬಲ್ ಮಾಡುತ್ತಿರುವುದೂ ಅದನ್ನೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಖಡಕ್‌ವಾಸ್ಲಾದ ಗೇಟಿಗೆ ಮೇಲೆ ಯಜಮಾನ ಇರಲಿಲ್ಲ. ಮಟ್ಟ ಏರಿದ್ದು ನೋಡಿ, ನಿಂತಲ್ಲೇ, ತಾನೇ ತೀರ್ಮಾನ ಮಾಡುತ್ತಿತ್ತು. ಪುಣೆಯ ಆಫೀಸಿನಲ್ಲಿ ಕೂತ ಯಾವ ಸಾಹೇಬನೂ ಅದನ್ನು ಆಫ್ ಮಾಡೋಕೆ ಆಗುತ್ತಿರಲಿಲ್ಲ. ಈಥರ್ನೆಟ್ ಕೇಬಲ್ಲಿಗೆ ಯಾವಾಗಲೂ ಒಂದು ಮೂಲ ತುದಿ ಇರುತ್ತೆ, ಅಲ್ಲೊಂದು ಸ್ವಿಚ್ಚು ಇರುತ್ತೆ. ಯಂತ್ರದಲ್ಲಿ ಯಜಮಾನನನ್ನು ತೆಗೆದುಹಾಕಿದ ವಿಶ್ವೇಶ್ವರಯ್ಯ ಆಡಳಿತಕ್ಕೆ ಬಂದಾಗ ಮಾತ್ರ ಮೂಲ ತುದಿ ಯಾರ ಕೈಯಲ್ಲಿರಬೇಕು ಅನ್ನುವ ಪ್ರಶ್ನೆಗೆ ಬಹಳ ಹಳೆಯ ಉತ್ತರವನ್ನೇ ಕೊಟ್ಟರು ಅಂತ ನನಗನಿಸುತ್ತೆ. ಅದಕ್ಕೆ ಆಮೇಲೆ ಬರೋಣ.

ತಾನಾಗೇ ನಡೆಯುತ್ತೆ ಅಂದರೆ ಮನುಷ್ಯರೇ ಬೇಡ ಅಂತಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು, ರೈತರು ಎದೆ ಹಿಡಿದುಕೊಂಡು ಕೂತರು. ಹರಿಯುವ ನೀರಿನಲ್ಲೇ ನಿಂತು ತಾತ್ಕಾಲಿಕ ಗೇಟು ಇಳಿಸಿದ್ದು ಕೆಲಸಗಾರರು. ಎಣ್ಣೆ ಹಾಕೋರು, ಚೈನು ನೋಡೋರು, ತುಕ್ಕು ಕೆರೆಯೋರು ಇಲ್ಲದಿದ್ದರೆ ಯಾವ ಆಟೋಮೇಷನ್ನೂ ನಿಲ್ಲಲ್ಲ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳೋದು ಅವರ ಮೇಲೇ.

1908ರಲ್ಲಿ ವಿಶ್ವೇಶ್ವರಯ್ಯ ಬಾಂಬೆ ಸರ್ಕಾರದ ಕೆಲಸ ಬಿಟ್ಟರು. ಹಿರಿಯ ಹುದ್ದೆ ತಲುಪಿದ್ದರು, ಹೆಸರಿತ್ತು, ಏಡನ್‌ವರೆಗೂ ಹೋಗಿ ನೀರು ಮತ್ತು ಚರಂಡಿ ಯೋಜನೆ ಮಾಡಿಕೊಟ್ಟಿದ್ದರು. ಆದರೆ ಚೀಫ್ ಎಂಜಿನಿಯರ್ ಹುದ್ದೆ ಬಿಳಿಯರಿಗೆ ಮೀಸಲು. ಕಾನೂನಿನಲ್ಲಿ ಬರೆದಿರಲಿ ಬಿಡಲಿ, ನಡೆದುಬಂದದ್ದು ಹಾಗೆ. ಎಷ್ಟೇ ಯೋಗ್ಯತೆ ಇದ್ದರೂ ಹುಟ್ಟಿನ ಕಾರಣಕ್ಕೆ ಒಂದು ಬಾಗಿಲು ತೆರೆಯಲ್ಲ ಅನ್ನುವ ಅವಮಾನವನ್ನು ಅವರು ಸ್ವಂತ ಮೈಮೇಲೆ ಅನುಭವಿಸಿದ್ದರು. ವಿದೇಶ ಪ್ರವಾಸ ಹೊರಟರು. ಅಷ್ಟರಲ್ಲಿ, 1908ರ ಸೆಪ್ಟೆಂಬರ್ ಕೊನೆಯಲ್ಲಿ, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಊರು ಹಾಳಾಯಿತು. ನಿಜಾಮ ಸರ್ಕಾರ ಕರೆಸಿಕೊಂಡಿತು. ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹ ತಡೆಯುವ ಯೋಜನೆ ಕೊಟ್ಟರು. ಈಗಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಯೋಚನೆಯ ಫಲ.

1909ರ ಕೊನೆಯಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ಬಂದಾಗ ಇಲ್ಲಿ ವಿದ್ಯುತ್ತಿನ ಕಥೆ ಆಗಲೇ ಶುರುವಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಹಿಡಿದು, ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಶಿವನಸಮುದ್ರದ ಕಾವೇರಿ ಜಲಪಾತದಲ್ಲಿ ಕರೆಂಟು ತಯಾರಾಯಿತು. ಅದು ಮೊದಲು ಹೋಗಿದ್ದು ಯಾವ ಊರಿನ ದೀಪಕ್ಕೂ ಅಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ನೇರವಾಗಿ ಕೋಲಾರದ ಚಿನ್ನದ ಗಣಿಗೆ, ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಗಣಿಗೆ. ಬೆಂಗಳೂರಿಗೆ ಬೀದಿದೀಪ ಬರಲು 1905 ಆಯಿತು. ತಂತಿ ಹಾದುಹೋದ ಹಳ್ಳಿಗಳು ಕತ್ತಲಲ್ಲೇ ಇದ್ದವು. ಗಣಿಯ ಆಳದಲ್ಲಿ ಬಂಡೆ ಒಡೆಯುತ್ತಿದ್ದ ಕಾರ್ಮಿಕರ ಗುಡಿಸಲಿಗೂ ಆ ಕರೆಂಟು ಇಳಿಯಲಿಲ್ಲ. ತಂತಿಯ ಎರಡು ತುದಿಗಳಿಗಷ್ಟೇ ಅದರ ಮೇಲೆ ಹಕ್ಕು, ನಡುವಿನವರಿಗೆ ನೋಡೋ ಭಾಗ್ಯ.

ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಶಿವನಸಮುದ್ರದ ಯಂತ್ರ ನಿಧಾನವಾಗುತ್ತಿತ್ತು, ಗಣಿಗೆ ಕರೆಂಟು ಕಡಿಮೆ ಆಗುತ್ತಿತ್ತು. ಇದಕ್ಕೆ ಪರಿಹಾರವಾಗಿ, ಜೊತೆಗೆ ಮಂಡ್ಯ ಸೀಮೆಯ ನೀರಾವರಿಗಾಗಿ ವಿಶ್ವೇಶ್ವರಯ್ಯ ಕನ್ನಂಬಾಡಿಯಲ್ಲಿ ದೊಡ್ಡ ಅಣೆಕಟ್ಟೆಯ ಯೋಜನೆ ಮುಂದಿಟ್ಟರು. ಖರ್ಚು ನೋಡಿ ಹಣಕಾಸಿನವರು ಹೆದರಿದರು. ಕೆಳಗಿನ ಮದ್ರಾಸ್ ಸರ್ಕಾರ ಆಕ್ಷೇಪ ಎತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟರು, 1911ರಲ್ಲಿ ಕೆಲಸ ಶುರುವಾಯಿತು. ಸಿಮೆಂಟಿಗೆ ಬದಲು ಸುರ್ಕಿ ಗಾರೆ. ಕೆಲಸ ಪೂರ್ತಿಯಾಗಲು ಇಪ್ಪತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ 1924ರಲ್ಲಿ ಮದ್ರಾಸಿನ ಜೊತೆ ಕಾವೇರಿ ಒಪ್ಪಂದವೂ ಆಗಿತ್ತು. ಮಂಡ್ಯದ ಕಬ್ಬು, ಭತ್ತ ಎಲ್ಲ ಆ ನೀರಿನದು. ಬೇಸಾಯಗಾರರ ಮನೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೋ ದೇವರ ಪಕ್ಕ ಇದ್ದರೆ ಅದು ಸುಮ್ಮನೆ ಅಲ್ಲ.

ಆದರೆ ಕನ್ನಂಬಾಡಿ ಅನ್ನೋ ಊರು? ಅದು ನೀರಿನಡಿ ಹೋಯಿತು. ಸುತ್ತಲಿನ ಹಲವು ಹಳ್ಳಿಗಳು ಹೋದವು, ಜನ ಎದ್ದು ಬೇರೆ ಕಡೆ ನೆಲೆ ಹುಡುಕಿದರು. ಆ ಊರಿನ ಹೊಯ್ಸಳರ ಕಾಲದ ವೇಣುಗೋಪಾಲ ದೇವಸ್ಥಾನವನ್ನು ಬಹಳ ವರ್ಷದ ಮೇಲೆ ಬಿಡಿಸಿ ತಂದು ದಡದಲ್ಲಿ ಮತ್ತೆ ಕಟ್ಟಿದ್ದಾರೆ, ಪ್ರವಾಸಿಗಳು ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಊರು ಬಿಟ್ಟವರ ಹೆಸರು ಯಾವ ಕಲ್ಲಿನ ಮೇಲೂ ನಾನು ಓದಿಲ್ಲ. ಈಗ ಸರ್ಜಾಪುರಕ್ಕೆ ಬನ್ನಿ. 2025ರಲ್ಲಿ ರಾಜ್ಯ ಸರ್ಕಾರ ಅಲ್ಲಿ ಸ್ವಿಫ್ಟ್ ಸಿಟಿ ಅನ್ನುವ ಯೋಜನೆ ಘೋಷಿಸಿತು. ಅಲ್ಲಿನ ರೈತರು ಜಮೀನು ಕೊಡಲ್ಲ ಅಂತ ಧರಣಿ ಕೂತರು. ರಾಗಿ, ತರಕಾರಿ, ಹೂವು ಬೆಳೆಯುವ ನೆಲ ಅದು, ಒಂದು ಕಾಲಕ್ಕೆ ಸೊಗಸಾದ ಬಟ್ಟೆ ನೇಯುವವರ ಊರು. ಅಭಿವೃದ್ಧಿ ಬೇಡ ಅಂತ ಅವರು ಹೇಳುತ್ತಿಲ್ಲ, ತಮ್ಮನ್ನು ಕೇಳಿ ಅಂತ ಹೇಳುತ್ತಿದ್ದಾರೆ. ನೂರು ವರ್ಷದ ಹಿಂದೆ ಕನ್ನಂಬಾಡಿಯವರಿಗೆ ಧರಣಿ ಕೂರುವ ಜಾಗವೂ ಇರಲಿಲ್ಲ.

1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯ ದಿವಾನರಾದರು. ಮುಂದಿನ ಆರು ವರ್ಷದಲ್ಲಿ ಆದದ್ದನ್ನು ಪಟ್ಟಿ ಮಾಡಿದರೆ ಪಠ್ಯಪುಸ್ತಕದ ಪುಟ ಆಗುತ್ತೆ: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸಾಬೂನು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸೋದು ಶಾಲೆಗಳು. ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ಬಂತು, ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ರ ಹತ್ತಿರ ಹೋಯಿತು. ಹಿಂದುಳಿದ ಜಾತಿಗಳ ಮಕ್ಕಳಿಗೆ ವಿದ್ಯಾರ್ಥಿವೇತನವೂ ಇತ್ತು. ಆ ಶಾಲೆಗಳಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಅವರನ್ನು ಟೀಕಿಸುವ ಲೇಖನ ಬರೆಯುತ್ತಿದ್ದಾರೆ ಅಂದರೆ ಅದರಲ್ಲಿ ಅವರ ಪಾಲೂ ಇದೆ.

ಈಗ ಮಿಲ್ಲರ್ ಸಮಿತಿಗೆ ಬರೋಣ. ಆಗ ಮೈಸೂರು ಸರ್ಕಾರದ ಹುದ್ದೆಗಳಲ್ಲಿ ಬ್ರಾಹ್ಮಣರ ಪ್ರಮಾಣ ಜನಸಂಖ್ಯೆಗೆ ಹೋಲಿಸಿದರೆ ವಿಪರೀತ. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು, 1918ರಲ್ಲಿ ಮಹಾರಾಜರ ಮುಂದೆ ಹೋಗಿ ನಮಗೂ ಪಾಲು ಬೇಕು ಅಂದರು. ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಇದು ಒಪ್ಪಿಗೆ ಇರಲಿಲ್ಲ. ಶಿಕ್ಷಣ ಕೊಡೋಣ, ವಿದ್ಯಾರ್ಥಿವೇತನ ಕೊಡೋಣ, ಆದರೆ ಹುದ್ದೆ ಯೋಗ್ಯತೆಯ ಮೇಲೆ ಮಾತ್ರ, ಇಲ್ಲದಿದ್ದರೆ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋದು ಅವರ ವಾದ. 1918 ಮುಗಿಯುವ ಹೊತ್ತಿಗೆ ಅವರು ದಿವಾನಗಿರಿಯಿಂದ ಹೊರಬಂದರು, ಆ ಜಾಗಕ್ಕೆ ಕಾಂತರಾಜ ಅರಸ್ ಬಂದರು. 1919ರಲ್ಲಿ ಬಂದ ಮಿಲ್ಲರ್ ವರದಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಹೇಳಿತು. 1921ರಲ್ಲಿ ಸರ್ಕಾರಿ ಆದೇಶವಾಯಿತು. ಮೀಸಲಾತಿಯ ಚರಿತ್ರೆಯಲ್ಲಿ ಮೈಸೂರಿನ ಹೆಸರು ಮೇಲೆ ಬರೋದು ಇದರಿಂದ.

ಈಥರ್ನೆಟ್ ಸ್ವಿಚ್ಚಿನ ಒಂದು ಗುಣ ಇಲ್ಲಿ ಹೇಳಬೇಕು. ಅದು ಸಿಕ್ಕಸಿಕ್ಕವರಿಗೆ ಕರೆಂಟು ಕೊಡಲ್ಲ. ಮೊದಲು ಸಣ್ಣ ವೋಲ್ಟೇಜ್ ಕಳಿಸಿ ಆ ತುದಿಯಲ್ಲಿ 25 ಕಿಲೋಓಮ್‌ನ ಒಂದು ರೆಸಿಸ್ಟರ್ ಇದೆಯೇ ಅಂತ ಪರೀಕ್ಷೆ ಮಾಡುತ್ತೆ. ಇದ್ದರೆ, ಇವನು ನಮ್ಮವನು ಅಂತ 48 ವೋಲ್ಟಿನ ಆಸುಪಾಸು ಬಿಡುತ್ತೆ. ಇಲ್ಲದಿದ್ದರೆ ಡೇಟಾ ಮಾತ್ರ ಹೋಗುತ್ತೆ, ಪವರ್ ಹೋಗಲ್ಲ. ಯಂತ್ರದ ಮಟ್ಟಿಗೆ ಇದು ಸರಿಯಾದ ಎಚ್ಚರಿಕೆ, ತಡೆಯಲಾರದ ಡಬ್ಬಿಗೆ ಕರೆಂಟು ಬಿಟ್ಟರೆ ಅದು ಸುಟ್ಟುಹೋಗುತ್ತೆ. ಸಮಾಜದಲ್ಲಿ ಯೋಗ್ಯತೆ ಅನ್ನೋ ಪರೀಕ್ಷೆ ನಡೆಯೋದೂ ಹೀಗೇ, ಆದರೆ ಆ ರೆಸಿಸ್ಟರನ್ನು ಯಾರ ಮನೆಯಲ್ಲಿ ತಲೆಮಾರುಗಳಿಂದ ಬೆಸುಗೆ ಹಾಕಿಕೊಟ್ಟಿದ್ದಾರೆ, ಯಾರಿಗೆ ಕೊಟ್ಟಿಲ್ಲ ಅನ್ನೋದನ್ನು ಸ್ವಿಚ್ಚು ಕೇಳಲ್ಲ. ಆದೇಶ ಎಲ್ಲರಿಗೂ ತಲುಪುತ್ತೆ, ಅಧಿಕಾರ ಕೆಲವರಿಗೆ. ಬಾಂಬೆಯಲ್ಲಿ ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಿದಾಗ ಅದು ಅನ್ಯಾಯ ಅಂತ ಗುರುತಿಸಿದ ಮನುಷ್ಯ, ಮೈಸೂರಿನಲ್ಲಿ ತಾನೇ ಬಾಗಿಲ ಒಳಗಿದ್ದಾಗ ಹೊರಗಿನವರ ಮಾತನ್ನು ದಕ್ಷತೆಗೆ ಬಂದ ಅಪಾಯ ಅಂತ ಓದಿಕೊಂಡರು. ಕೆಟ್ಟ ಉದ್ದೇಶದಿಂದ ಅಂತ ನಾನು ಹೇಳಲ್ಲ. ತಮ್ಮ ಪುಣೆಯ ಓದಿಗೆ ಸಂಸ್ಥಾನದ ಖಜಾನೆ ದುಡ್ಡು ಕೊಟ್ಟದ್ದು ಅವರಿಗೆ ಮರೆತಿರಲಿಲ್ಲ, ಶಾಲೆ ತೆರೆದದ್ದು ಆ ಋಣಕ್ಕೇ ಇರಬಹುದು. ಆದರೆ ಶಾಲೆಯಿಂದ ಕುರ್ಚಿಯವರೆಗಿನ ದೂರ ಎಷ್ಟು, ಅದನ್ನು ದಾಟಲು ಎಷ್ಟು ತಲೆಮಾರು ಬೇಕು ಅನ್ನೋ ಲೆಕ್ಕವನ್ನು ಅಷ್ಟು ಲೆಕ್ಕ ಬಲ್ಲ ಎಂಜಿನಿಯರ್ ಹಾಕಲಿಲ್ಲ.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ನಷ್ಟದಲ್ಲಿ ಮುಳುಗುತ್ತಿತ್ತು, ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ನಿಂತು ಮೇಲೆತ್ತಿದರು. 1934ರಲ್ಲಿ ಭಾರತಕ್ಕೊಂದು ಆರ್ಥಿಕ ಯೋಜನೆ ಬೇಕು ಅಂತ ಪುಸ್ತಕ ಬರೆದರು, ಯೋಜನಾ ಆಯೋಗ ಬರಲು ಇನ್ನೂ ಹದಿನಾರು ವರ್ಷ ಇತ್ತು. ಗಾಂಧೀಜಿಗೂ ಇವರಿಗೂ ಯಂತ್ರದ ವಿಷಯದಲ್ಲಿ ಹೊಂದಿಕೆ ಆಗಲಿಲ್ಲ. ಗಾಂಧಿ ಚರಕ ಅಂದರು, ಇವರು ಕಾರ್ಖಾನೆ ಅಂದರು. ಭಾರತದಲ್ಲೇ ಕಾರು ಮಾಡಬೇಕು ಅಂತ 1930ರ ದಶಕದಲ್ಲಿ ಓಡಾಡಿದರು, ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದರು. ಅದರ ಬೆನ್ನಿಗೆ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಆ 48 ವೋಲ್ಟಿನ ಲ್ಯಾಂಡ್‌ಲೈನ್ ಫೋನುಗಳು ತಯಾರಾದದ್ದು ದೂರವಾಣಿನಗರದಲ್ಲೇ. ಪೀಣ್ಯದ ಸಣ್ಣ ವರ್ಕ್‌ಶಾಪುಗಳು, ಬೊಮ್ಮಸಂದ್ರದ ಶೆಡ್ಡುಗಳು ಆ ಕಾರ್ಖಾನೆಗಳ ನೆರಳಲ್ಲಿ ಕೆಲಸ ಕಲಿತವರಿಂದ ಬೆಳೆದವು. ಇವತ್ತಿನ ಐಟಿ ಕಾರಿಡಾರಿನ ಬೇರು ಹುಡುಕುವವರು ಈ ಸರ್ಕಾರಿ ಕಾರ್ಖಾನೆಗಳನ್ನು ದಾಟಿ ಹೋಗೋಕೆ ಆಗಲ್ಲ.

ಭದ್ರಾವತಿಯ ಕಾರ್ಖಾನೆಗೆ ಈಗ ಅವರದೇ ಹೆಸರು. 2023ರ ಆರಂಭದಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತರು. ಹಾರ ಹಾಕಲು ಬಂದ ರಾಜಕಾರಣಿಗಳು ಆ ಗೇಟಿನ ಮುಂದೆ ಎಷ್ಟು ಹೊತ್ತು ನಿಂತರು ಅನ್ನೋದನ್ನು ಭದ್ರಾವತಿಯವರೇ ಹೇಳಬೇಕು.

1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕ ಮಾಡಿದರು. ಅದರಲ್ಲಿ ಮನೆ, ಮದುವೆ, ಮನಸ್ಸಿನ ನೋವು ಹುಡುಕಿದರೆ ನಿರಾಸೆ ಆಗುತ್ತೆ. ಯೋಜನೆ, ಅಂದಾಜು, ವರದಿ, ಇಷ್ಟೇ. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬಿದಾಗ ದೇಶ ಹಬ್ಬ ಮಾಡಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲಿ. ಅವರು ಹೋದ ಆರನೇ ವರ್ಷಕ್ಕೆ ಅಮೆರಿಕದಲ್ಲಿ ಡಿಕ್ ಮಾರ್ಲಿ ಅನ್ನುವ ಎಂಜಿನಿಯರ್ ಪಿಎಲ್‌ಸಿಯ ಕಲ್ಪನೆಯನ್ನು ಕಾಗದಕ್ಕೆ ಇಳಿಸಿದರು, ಮರುವರ್ಷ ಅದು ಕಾರು ಕಾರ್ಖಾನೆಗಳ ಕಡೆ ಹೊರಟಿತು.

ವಿಶ್ವೇಶ್ವರಯ್ಯ ಕೊನೆಗಾಲದಲ್ಲಿ ಮುತುವರ್ಜಿ ವಹಿಸಿ ಬೆಂಗಳೂರಿನಲ್ಲಿ 1943ರಲ್ಲಿ ಒಂದು ಕಸುಬಿನ ಶಾಲೆ ಆಗುವಂತೆ ಮಾಡಿದ್ದರು, ಈಗಿನ ಎಸ್‌ಜೆ ಪಾಲಿಟೆಕ್ನಿಕ್. ದೊಡ್ಡ ಅಣೆಕಟ್ಟೆಯ ಮುಂದೆ ಅದು ಸಣ್ಣ ಕೆಲಸ ಅಂತ ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಸರ್ಜಾಪುರದ ಶೆಡ್ಡುಗಳಲ್ಲಿ ಪ್ಯಾನೆಲ್ ಕಟ್ಟೋರು, ಕೇಬಲ್ ಎಳೆಯೋರು, ಸ್ವಿಚ್ಚಿನ ಪೋರ್ಟು ಸತ್ತರೆ ರಾತ್ರಿ ಎರಡಕ್ಕೆ ಎದ್ದು ಬರೋರು ಇಂಥ ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರು. ಹೆಚ್ಚಿನವರು ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಬಾರಿ ಕಾಲೇಜು ಹತ್ತಿದವರು, ಮಿಲ್ಲರ್ ವರದಿ ಯಾರ ಪರವಾಗಿ ಮಾತಾಡಿತೋ ಅವರ ಮರಿಮಕ್ಕಳು. ಬಹಳ ಜನರ ಕೆಲಸ ಗುತ್ತಿಗೆಯ ಮೇಲೆ, ಹನ್ನೊಂದು ತಿಂಗಳಿಗೊಮ್ಮೆ ಕಾಗದ ಬದಲಾಗುತ್ತೆ. ಯಾವ ಪೋರ್ಟಿಗೆ ಯಾವ ಯಂತ್ರ ಅಂತ ಅವರಿಗೆ ಕಣ್ಣುಮುಚ್ಚಿ ಗೊತ್ತು. ಆ ಸ್ವಿಚ್ಚಿನ ಪಾಸ್‌ವರ್ಡ್ ಮಾತ್ರ ಅವರ ಹತ್ತಿರ ಇರಲ್ಲ.